ವೆಸ್ಟರ್ನ್ ಸಿನಿಮಾ ಮುಗಿದ ಮೇಲೆ ಯಾವ ಕತೆ ಓದುವುದು?

ಅಮೆರಿಕದ ಪಶ್ಚಿಮದ ಕೌಬಾಯ್ ಕತೆ ಹೇಳುವ ಹಳೆಯ ವೆಸ್ಟರ್ನ್ ಸಿನಿಮಾ ಒಂದು ಮುಗಿಯುತ್ತಿದ್ದಂತೆ ಪರದೆಯ ಮೂಲೆಯಲ್ಲಿ ಇನ್ನೊಂದರ ಚಿತ್ರ ಬಂದು ಕೂರುತ್ತದೆ. ಹತ್ತು ಸೆಕೆಂಡು ಸುಮ್ಮನಿದ್ದರೆ ಅದೂ ಶುರು. ಅದನ್ನು ಅಲ್ಲೇ ನಿಲ್ಲಿಸಿ. ಅದೇ ಕೆಂಪು ಬಂಡೆ, ಅದೇ ಟೋಪಿ, ಅದೇ ಬಾರಿನ ಜಗಳ. ಒಂದರ ಬೆನ್ನಿಗೆ ಒಂದು ನೋಡುತ್ತಾ ಹೋದರೆ ಮೂರನೆಯದರ ಹೊತ್ತಿಗೆ ಯಾವ ಊರಿನಲ್ಲಿ ಯಾರು ಯಾರನ್ನು ಹೊಡೆದರು ಎಂಬುದೇ ನೆನಪಿರುವುದಿಲ್ಲ. ಆ ರಾತ್ರಿಗೋ ಮರುದಿನಕ್ಕೋ ಒಂದು ಕತೆ ಇಟ್ಟುಕೊಳ್ಳಿ. ಹಾಲಿವುಡ್‌ನ ಒಳ್ಳೆಯ ವೆಸ್ಟರ್ನ್‌ಗಳಲ್ಲಿ ಎಷ್ಟೋ ಹುಟ್ಟಿದ್ದು ಪತ್ರಿಕೆಗಳಲ್ಲಿ ಬಂದ ಸಣ್ಣ ಕತೆಗಳಿಂದ. ಒಂದೇ ಸಲ ಕೂತು ಓದಿ ಮುಗಿಸಬಹುದಾದಂಥವು.

ಕತೆ ಆರಿಸಿಕೊಳ್ಳಲು ನಾನು ಪಾಲಿಸುವ ನಿಯಮ ಒಂದೇ: ಸಿನಿಮಾ ಯಾರನ್ನು ಅಂಚಿಗೆ ತಳ್ಳಿತು ಎಂದು ಕೇಳಿಕೊಳ್ಳುವುದು, ಆಮೇಲೆ ಅವರಿರುವ ಕತೆ ಹುಡುಕುವುದು. ಕುದುರೆ ಏರಿದವನನ್ನು ಕ್ಯಾಮೆರಾ ಸಾಕಷ್ಟು ತೋರಿಸಿಯಾಗಿದೆ. ಅವನ ಹೆಂಡತಿ, ಜಗುಲಿಯಲ್ಲಿ ನಿಂತು ನೋಡಿದ ಹುಡುಗ, ಗುಡ್ಡದ ಮೇಲೆ ಕಾಣಿಸಿ ಮಾಯವಾದ ಮೂಲನಿವಾಸಿ, ಇವರ ಲೆಕ್ಕ ಬಾಕಿ ಇರುತ್ತದೆ.

ಒಂದು: ಟೈಟಲ್ ಮತ್ತೊಮ್ಮೆ ನೋಡಿ

ಸಿನಿಮಾವನ್ನು ಮೊದಲಿಗೆ ಎಳೆದು ಹೆಸರುಗಳು ಬರುವ ಜಾಗದಲ್ಲಿ ನಿಲ್ಲಿಸಿ. ಚಿತ್ರಕತೆಗಾರನ ಹೆಸರಿನ ಹತ್ತಿರ, ಇಂಥವರ ಕತೆ ಆಧರಿಸಿದ್ದು ಎಂಬ ಒಂದು ಸಾಲು ಸಾಮಾನ್ಯವಾಗಿ ಇರುತ್ತದೆ. ಅಕ್ಷರ ಚಿಕ್ಕದಿರುತ್ತದೆ, ಎರಡು ಸೆಕೆಂಡು ನಿಲ್ಲುತ್ತದೆ. ಅಲ್ಲಿರುವ ಹೆಸರೇ ನಿಮ್ಮ ಮೊದಲ ದಾರಿ.

‘ಸ್ಟೇಜ್‌ಕೋಚ್’ (1939) ನೋಡಿದ್ದರೆ ಅರ್ನೆಸ್ಟ್ ಹೇಕಾಕ್ಸ್ ಬರೆದ ‘ಸ್ಟೇಜ್ ಟು ಲಾರ್ಡ್ಸ್‌ಬರ್ಗ್’. ‘ಹೈ ನೂನ್’ (1952) ಆದರೆ ಜಾನ್ ಕನಿಂಗ್‌ಹ್ಯಾಮ್‌ರ ‘ದ ಟಿನ್ ಸ್ಟಾರ್’. ‘3:10 ಟು ಯೂಮಾ’ (1957) ಎಲ್ಮೋರ್ ಲೆನರ್ಡ್ ಕತೆ. ‘ದ ಮ್ಯಾನ್ ಹು ಶಾಟ್ ಲಿಬರ್ಟಿ ವ್ಯಾಲೆನ್ಸ್’ (1962) ಡೊರೊಥಿ ಎಂ. ಜಾನ್ಸನ್ ಅವರದು. ‘ಶೇನ್’, ‘ದ ಸರ್ಚರ್ಸ್’, ‘ಟ್ರೂ ಗ್ರಿಟ್’ ಈ ಮೂರೂ ಕಾದಂಬರಿಗಳಿಂದ ಬಂದವು. ಸಣ್ಣ ಕತೆಯಿಂದ ಬಂದ ಸಿನಿಮಾ ನೋಡಿದ್ದರೆ ನೀವು ಅದೃಷ್ಟವಂತರು, ಇವತ್ತೇ ಓದಿ ಮುಗಿಸಬಹುದು.

ಎರಡು: ನಾಲ್ಕು ಇಸವಿ ತಲೆಯಲ್ಲಿಟ್ಟುಕೊಳ್ಳಿ

ಸಿನಿಮಾ ಗುಂಡಿನ ಸದ್ದಿನಲ್ಲಿ ನುಂಗಿಬಿಡುವ ಸಂಗತಿಯೊಂದಿದೆ. ಈ ಜಗಳಗಳಲ್ಲಿ ಮುಕ್ಕಾಲು ಪಾಲು ಜಮೀನಿನವು, ಹುಲ್ಲಿನವು, ನೀರಿನವು. ಬೇಲಿಯ ತಕರಾರು ನೋಡಿ ಬೆಳೆದ ನಮ್ಮ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1862ರ ಹೋಮ್‌ಸ್ಟೆಡ್ ಕಾಯ್ದೆ, ಹೋಗಿ ನೆಲೆಸಿ ಉತ್ತವರಿಗೆ 160 ಎಕರೆ ಎಂದಿತು. 1869ರಲ್ಲಿ ಯೂಟಾದ ಪ್ರಾಮಂಟರಿಯಲ್ಲಿ ಪೂರ್ವದ ರೈಲುಹಳಿಗೂ ಪಶ್ಚಿಮದ ಹಳಿಗೂ ಗಂಟು ಬಿತ್ತು. 1874ರಲ್ಲಿ ಜೋಸೆಫ್ ಗ್ಲಿಡನ್‌ಗೆ ಮುಳ್ಳುತಂತಿಯ ಪೇಟೆಂಟ್ ಸಿಕ್ಕಿತು, ಬಯಲಿನಲ್ಲಿ ದನ ಬಿಟ್ಟು ಮೇಯಿಸುತ್ತಿದ್ದವರ ದಾರಿಗೆ ಬೇಲಿ ಬಂತು. 1890ರ ಜನಗಣತಿಯ ಹೊತ್ತಿಗೆ, ಇದರಾಚೆ ಯಾರೂ ನೆಲೆಸಿಲ್ಲ ಎಂದು ಎಳೆಯಲು ಗಡಿಗೆರೆಯೇ ಉಳಿದಿಲ್ಲ ಎಂದು ಸರ್ಕಾರ ಹೇಳಿತು. ನಾವು ನೋಡುವ ವೆಸ್ಟರ್ನ್‌ಗಳಲ್ಲಿ ಹೆಚ್ಚಿನವು ಈ ಮೂವತ್ತು ವರ್ಷದ ಒಳಗೇ ನಡೆಯುತ್ತವೆ. ಅಷ್ಟು ಚಿಕ್ಕ ಕಾಲಕ್ಕೆ ಇಷ್ಟೊಂದು ಸಿನಿಮಾ!

ಇನ್ನೊಂದು ಸಣ್ಣ ವಿಷಯ: ಶೆರಿಫ್ ಎಂದರೆ ಕೌಂಟಿಯ ಜನ ವೋಟು ಹಾಕಿ ಆರಿಸಿದವನು. ಊರಿನ ಮಾರ್ಷಲ್‌ಗೆ ಸಂಬಳ ಆ ಊರಿನದು, ಯು.ಎಸ್. ಮಾರ್ಷಲ್ ಆದರೆ ಕೇಂದ್ರ ಸರ್ಕಾರದ ಆಳು. ಯಾರ ಅನ್ನ ಉಣ್ಣುತ್ತಾನೆ ಎಂದು ಗೊತ್ತಿದ್ದರೆ, ಊರಿನವರು ಕೈಬಿಟ್ಟಾಗ ಅವನಿಗೆ ಯಾಕೆ ಅಷ್ಟು ಕಹಿ ಎಂಬುದೂ ಗೊತ್ತಾಗುತ್ತದೆ.

ಮೂರು: ಮೂಲ ಕತೆ ಓದಿ, ಬದಲಾದ ಜಾಗಕ್ಕೆ ಗುರುತು ಹಾಕಿ

ಡೊರೊಥಿ ಜಾನ್ಸನ್ ಅವರಿಂದ ಶುರು ಮಾಡಿದರೆ ಒಳ್ಳೆಯದು. ಮೊಂಟಾನಾದ ವೈಟ್‌ಫಿಶ್ ಎಂಬ ಊರಿನಲ್ಲಿ ಬೆಳೆದು, ಪತ್ರಿಕೆಗಳಲ್ಲಿ ದುಡಿದು, ಮುಂದೆ ಮೊಂಟಾನಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸಿದವರು. ವಾಕ್ಯಗಳು ಚಿಕ್ಕವು, ಅಲಂಕಾರ ಇಲ್ಲವೇ ಇಲ್ಲ. ‘ಲಿಬರ್ಟಿ ವ್ಯಾಲೆನ್ಸ್’ ಸಿನಿಮಾದಲ್ಲಿ ಜೇಮ್ಸ್ ಸ್ಟೀವರ್ಟ್ ಪಾತ್ರ ಕಾನೂನು ಓದಿದ, ಆದರ್ಶ ತುಂಬಿದ ವಕೀಲ. ಕತೆಯಲ್ಲಿರುವ ರ‍್ಯಾನ್ಸ್ ಫಾಸ್ಟರ್ ಹಾಗಲ್ಲ. ಗುರಿಯಿಲ್ಲದೆ ಅಲೆಯುತ್ತಾ ಬಂದು ಏಟು ತಿಂದು ಬಿದ್ದವನು, ಮನಸ್ಸಿನಲ್ಲಿ ಸೇಡು ಬಿಟ್ಟರೆ ಬೇರೇನೂ ಇಲ್ಲ. ಜಾನ್ ವೇಯ್ನ್ ಪಾತ್ರದ ಜಾಗದಲ್ಲಿರುವ ಬರ್ಟ್ ಬ್ಯಾರಿಕ್ಯೂನ್ ಅವನನ್ನು ಎತ್ತಿ ಬದುಕಿಸುತ್ತಾನೆ, ಅಷ್ಟಕ್ಕೇ ಬಿಡುವುದಿಲ್ಲ. ಮುಂದೆಯೂ ಬೆನ್ನಿಗೆ ಬಿದ್ದು, ಕೆಣಕಿ, ಚುಚ್ಚಿ ಅವನನ್ನು ದೊಡ್ಡ ಮನುಷ್ಯನನ್ನಾಗಿ ಮಾಡುತ್ತಾನೆ. ಉಪಕಾರ ಮಾಡಿದವನ ಮುಖ ನೋಡಲಾಗದೆ ಬದುಕುವ ಹಿಂಸೆ ಸಿನಿಮಾದಲ್ಲಿ ಒಂದು ಎಳೆ, ಕತೆಯಲ್ಲಿ ಅದೇ ಹುರುಳು. ಸಿನಿಮಾದಲ್ಲಿ ಮುಂದೆ ಸೆನೆಟರ್ ಆದ ಆ ವಕೀಲ ಪತ್ರಿಕೆಯವರೆದುರು ಕೂತು ಎಲ್ಲವನ್ನೂ ಒಪ್ಪಿಸಿಬಿಡುತ್ತಾನಲ್ಲ? ಕತೆಯಲ್ಲಿ ಅವನು ವರದಿಗಾರನಿಗೆ ಹೇಳುವುದು ಸತ್ತ ಬರ್ಟ್ ಹಳೆಯ ಸ್ನೇಹಿತ ಎಂಬಷ್ಟನ್ನೇ. ಸತ್ಯ ಓದುಗರಿಗೆ ಮಾತ್ರ ಗೊತ್ತು, ಊರಿಗೆ ಗೊತ್ತಿಲ್ಲ. ಯಾವುದು ಮೇಲು ಎಂದು ನೀವೇ ಹೇಳಿ. ನನ್ನ ವೋಟು ಕತೆಗೆ.

‘ಸ್ಟೇಜ್‌ಕೋಚ್’ ದಾರಿ ಸ್ವಲ್ಪ ಉದ್ದ. ಹೇಕಾಕ್ಸ್ ಕತೆ 1937ರಲ್ಲಿ ಕೊಲಿಯರ್ಸ್ ಪತ್ರಿಕೆಯಲ್ಲಿ ಬಂತು. ಅಲ್ಲಿ ಜಾನ್ ವೇಯ್ನ್‌ನ ರಿಂಗೋ ಇಲ್ಲ, ಮ್ಯಾಲ್‌ಪೈ ಬಿಲ್ ಎಂಬವನಿದ್ದಾನೆ. ಕತೆ ತೆಳ್ಳಗಿದೆ, ಸಿನಿಮಾದಷ್ಟು ತುಂಬಿಲ್ಲ ಎಂದು ನಿಮಗೆ ಅನ್ನಿಸಬಹುದು, ಅನ್ನಿಸಿದರೆ ತಪ್ಪೇನಿಲ್ಲ. ಅಲ್ಲಿಗೇ ನಿಲ್ಲದೆ ಇನ್ನೊಂದು ಮೆಟ್ಟಿಲು ಕೆಳಗಿಳಿಯಿರಿ. ಈ ಸಿನಿಮಾದ ಬೇರು ಮೊಪಾಸಾನ ‘ಬೂಲ್ ದ ಸ್ವೀಫ್’ ಕತೆಯಲ್ಲಿದೆ ಎಂದು ನಿರ್ದೇಶಕ ಜಾನ್ ಫೋರ್ಡ್ ತಾವೇ ಹೇಳಿದ್ದರು. 1880ರಲ್ಲಿ ಬಂದ ಈ ಫ್ರೆಂಚ್ ಕತೆಯಲ್ಲಿ ಕೌಬಾಯ್ ಇಲ್ಲ, ಮರುಭೂಮಿಯೂ ಇಲ್ಲ. ಪ್ರಷ್ಯದ ಸೈನ್ಯ ನುಗ್ಗಿದ ಚಳಿಗಾಲ, ಹಿಮ, ರುಆನ್‌ನಿಂದ ಹೊರಟ ಒಂದು ಸಾರೋಟು, ಒಳಗೆ ಹತ್ತು ಜನ. ಅವರಲ್ಲಿ ಒಬ್ಬಳು ವೇಶ್ಯೆ. ಊಟ ತಂದವಳು ಅವಳೊಬ್ಬಳೇ, ಮರ್ಯಾದಸ್ಥರೆಲ್ಲ ಅವಳ ಬುಟ್ಟಿಯಿಂದಲೇ ತಿನ್ನುತ್ತಾರೆ. ಆಮೇಲೆ ಅವರು ಅವಳಿಗೆ ಮಾಡುವುದನ್ನು ಓದಿ ಮುಗಿಸಿದ ಮೇಲೆ ‘ಸ್ಟೇಜ್‌ಕೋಚ್’ನ ಊಟದ ಮೇಜಿನ ದೃಶ್ಯವನ್ನು ಮತ್ತೊಮ್ಮೆ ನೋಡಿ. ಡಲ್ಲಾಸ್ ಎಂಬ ಹೆಂಗಸಿನ ಪಕ್ಕದಿಂದ ಕುರ್ಚಿ ಸರಿಸಿಕೊಂಡು ಹೋಗುವವರ ಮುಖಗಳು ಬೇರೆಯಾಗಿಯೇ ಕಾಣುತ್ತವೆ. ಇದು ಈ ಪಟ್ಟಿಯಲ್ಲೇ ಅತ್ಯಂತ ಒಳ್ಳೆಯ ಕತೆ. ವೆಸ್ಟರ್ನ್ ಓದುವವರಿಗೆ ಅದರ ಹೆಸರು ಯಾರೂ ಹೇಳುವುದಿಲ್ಲ.

‘3:10 ಟು ಯೂಮಾ’ದ ಮೂಲವಾದ ಎಲ್ಮೋರ್ ಲೆನರ್ಡ್ ಕತೆ ಇನ್ನೂ ಬಿಗಿ. 1953ರಲ್ಲಿ ಡೈಮ್ ವೆಸ್ಟರ್ನ್ ಎಂಬ ಅಗ್ಗದ ಪತ್ರಿಕೆಯಲ್ಲಿ ಬಂತು. ಪದಕ್ಕೆ ಎರಡು ಸೆಂಟ್ ದರದಲ್ಲಿ ಅವರಿಗೆ ಸಿಕ್ಕಿದ್ದು 90 ಡಾಲರ್. ಸಿನಿಮಾದಲ್ಲಿರುವ ಬಡ ರೈತ, ಬರಗಾಲ, ಇನ್ನೂರು ಡಾಲರ್ ಆಸೆ ಯಾವುದೂ ಕತೆಯಲ್ಲಿಲ್ಲ. ಡೆಪ್ಯುಟಿ ಮಾರ್ಷಲ್ ಒಬ್ಬ, ಕೈದಿ ಒಬ್ಬ, ಹೋಟೆಲಿನ ಒಂದು ಕೋಣೆ, ರೈಲು ಬರಲು ಕಾಯುವ ಗಂಟೆಗಳು, ಅಷ್ಟೆ. ಮಾತಿನಿಂದಲೇ ಬೆವರಿಳಿಸುವ ವಿದ್ಯೆ ನೋಡಬೇಕಾದರೆ ಇಲ್ಲಿ ನೋಡಿ. ಅವರ ವೆಸ್ಟರ್ನ್ ಕತೆಗಳೆಲ್ಲ ಒಂದೇ ಸಂಪುಟದಲ್ಲಿ ಸಿಗುತ್ತವೆ. ಇಂಗ್ಲಿಷ್ ಓದುವ ರೂಢಿ ತಪ್ಪಿದವರಿಗೂ ಅವರ ಭಾಷೆ ತೊಡಕಾಗದು.

‘ಹೈ ನೂನ್’ ಮೂಲ ಕತೆಯ ಶೆರಿಫ್ ವಯಸ್ಸಾದವನು, ಕೀಲುನೋವಿಗೆ ಕೈ ಸೊಟ್ಟಗಾಗಿದೆ, ಹೆಂಡತಿ ತೀರಿಕೊಂಡಿದ್ದಾಳೆ. ಹೊಸ ಮದುವೆ, ಗ್ರೇಸ್ ಕೆಲಿ, ಗೋಡೆಯ ಮೇಲೆ ಓಡುವ ಗಡಿಯಾರ ಎಲ್ಲ ಸಿನಿಮಾದವರ ಕೈಚಳಕ. ಇಲ್ಲಿ ಸಿನಿಮಾವೇ ಗೆದ್ದಿದೆ. ಮೂಲ ಕತೆ ಬಿಟ್ಟರೂ ನಡೆದೀತು, ಮುಂದಿನ ಹೆಜ್ಜೆಯ ಕತೆಯನ್ನು ಮಾತ್ರ ಬಿಡಬೇಡಿ.

ನಾಲ್ಕು: ನಗಿಸುವ ಕತೆಯೊಂದನ್ನು ನಡುವೆ ಹಾಕಿ

‘ಹೈ ನೂನ್’ಗೆ 54 ವರ್ಷ ಮೊದಲೇ, 1898ರಲ್ಲಿ, ಸ್ಟೀಫನ್ ಕ್ರೇನ್ ಒಂದು ಕತೆ ಬರೆದರು: ‘ದ ಬ್ರೈಡ್ ಕಮ್ಸ್ ಟು ಯೆಲ್ಲೋ ಸ್ಕೈ’. ಅದರಲ್ಲೂ ಆಗತಾನೇ ಮದುವೆಯಾದ ಮಾರ್ಷಲ್ ಇದ್ದಾನೆ, ರೈಲು ಇದೆ, ಊರಿನಲ್ಲಿ ಬಂದೂಕು ಹಿಡಿದು ಕಾಯುವವನಿದ್ದಾನೆ. ವ್ಯತ್ಯಾಸ ಏನೆಂದರೆ ‘ಹೈ ನೂನ್’ನಲ್ಲಿ ರೈಲಿನಲ್ಲಿ ಬರುವವನು ವೈರಿ, ಇಲ್ಲಿ ಬರುತ್ತಿರುವವನು ಮಾರ್ಷಲ್ಲೇ, ಪಕ್ಕದಲ್ಲಿ ಹೊಸ ಹೆಂಡತಿ. ಊರಿಗೆ ತಿಳಿಸದೆ ಮದುವೆಯಾಗಿದ್ದೇನಲ್ಲ, ಜನ ಏನಂದಾರು ಎಂಬುದೇ ಅವನ ದೊಡ್ಡ ಭಯ. ಬಂದೂಕಿಗಿಂತ ದೊಡ್ಡ ಭಯ ಅದು. ಮದುವೆ ಮುಚ್ಚಿಟ್ಟು ಊರಿಗೆ ಬಂದವರ ಪಾಡು ಗೊತ್ತಿದ್ದರೆ ಇನ್ನೂ ಚೆನ್ನಾಗಿ ನಗು ಬರುತ್ತದೆ. ಎದುರಿಗೆ ನಿಂತ ಕುಡುಕ ಸ್ಕ್ರ್ಯಾಚಿ ವಿಲ್ಸನ್ ತೊಟ್ಟ ಅಂಗಿಯ ಬಗ್ಗೆ ಕ್ರೇನ್ ಒಂದು ಮಾತು ಹಾಕುತ್ತಾರೆ: ಅದು ನ್ಯೂಯಾರ್ಕಿನ ಈಸ್ಟ್ ಸೈಡಿನ ಯಹೂದಿ ಹೆಂಗಸರು ಹೊಲಿದದ್ದು ಎಂದು. ಕೌಬಾಯ್ ವೇಷ ಅಷ್ಟು ಹೊತ್ತಿಗಾಗಲೇ ಪೂರ್ವದ ಅಂಗಡಿಯ ಸರಕಾಗಿತ್ತು.

ಅದೇ ವರ್ಷದ ‘ದ ಬ್ಲೂ ಹೋಟೆಲ್’ ನಗಿಸುವುದಿಲ್ಲ. ನೆಬ್ರಾಸ್ಕಾದ ಒಂದು ಹೋಟೆಲಿಗೆ ಸ್ವೀಡನ್ ಮೂಲದವನೊಬ್ಬ ಬರುತ್ತಾನೆ. ಅಗ್ಗದ ವೆಸ್ಟರ್ನ್ ಕಾದಂಬರಿಗಳಿಂದ ತಲೆ ಕೆಡಿಸಿಕೊಂಡ ಮನುಷ್ಯ. ಇಲ್ಲಿ ನನ್ನನ್ನು ಕೊಲ್ಲುತ್ತಾರೆ ಎಂದು ನಂಬಿಕೊಂಡೇ ಬಂದಿದ್ದಾನೆ. ಹಿಮಗಾಳಿ, ಇಸ್ಪೀಟಾಟ, ಮೋಸದ ಆಪಾದನೆ. ಹೆದರಿಕೆಯೇ ಹೆದರಿದ್ದನ್ನು ಎಳೆದುಕೊಂಡು ಬರುತ್ತದೆ. ವೆಸ್ಟರ್ನ್ ಕತೆಗಳು ಓದಿದವರಿಗೆ ಏನು ಮಾಡುತ್ತವೆ ಎಂಬ ಬಗ್ಗೆಯೇ ಬರೆದ ವೆಸ್ಟರ್ನ್ ಇದು. ಕ್ರೇನ್ ಪಶ್ಚಿಮದಲ್ಲಿ ತಿರುಗಾಡಿ ನೋಡಿ ಬರೆದವರು, 28ನೇ ವಯಸ್ಸಿಗೆ ತೀರಿಕೊಂಡರು. ‘ಶೇನ್’ ಬರೆದ ಜ್ಯಾಕ್ ಶೇಫರ್ ಆ ಪುಸ್ತಕ ಬರೆಯುವಾಗ ಓಹಾಯೋ ದಾಟಿ ಪಶ್ಚಿಮಕ್ಕೆ ಹೋದವರೇ ಅಲ್ಲ. ಲೆನರ್ಡ್ ಡೆಟ್ರಾಯ್ಟ್‌ನ ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡುತ್ತಾ, ಅರಿಜೋನಾ ಪ್ರವಾಸಿ ಪತ್ರಿಕೆಯ ಫೋಟೋ ನೋಡಿ ಬಂಡೆ-ಕಣಿವೆ ಬರೆದರು.

ಓ. ಹೆನ್ರಿಯನ್ನು ಶಾಲೆಯ ಇಂಗ್ಲಿಷ್ ಪುಸ್ತಕದ ಕರುಣಾಜನಕ ಕತೆಗಳಿಂದ ಮಾತ್ರ ಬಲ್ಲವರಿಗೆ ‘ದ ಕ್ಯಾಬಲೆರೋಸ್ ವೇ’ (1907) ಒಂದು ಏಟು. ಯೌವನದಲ್ಲಿ ಟೆಕ್ಸಸ್‌ನ ರ‍್ಯಾಂಚ್‌ನಲ್ಲಿ ಇದ್ದು ಬಂದವರು ಅವರು. ಸಿನಿಮಾದಲ್ಲಿ, ಟಿವಿಯಲ್ಲಿ ನಗುನಗುತ್ತಾ ಬಡವರನ್ನು ಕಾಪಾಡುವ ಸಿಸ್ಕೋ ಕಿಡ್ ಮೊದಲು ಕಾಣಿಸಿಕೊಂಡದ್ದು ಈ ಕತೆಯಲ್ಲೇ, ಅಲ್ಲಿ ಅವನು ಕರುಣೆಯೇ ಇಲ್ಲದ ಕೊಲೆಗಾರ. ಕೊನೆಯ ಪುಟ ಹೇಳುವುದಿಲ್ಲ. ಮೆಕ್ಸಿಕನ್ನರ ಬಗ್ಗೆ ಆ ಕಾಲದ ಹೀನಾಯ ಮಾತುಗಳು ಬರುತ್ತವೆ, ಗೊತ್ತಿದ್ದೇ ಓದಿ.

ಐದು: ಹೇಳುವ ದನಿಗಾಗಿ ಕಾದಂಬರಿ

ಸಿನಿಮಾ ಕಳೆದುಕೊಳ್ಳುವುದು ದನಿಯನ್ನು. ‘ಶೇನ್’ ಕಾದಂಬರಿ (1949) ಪೂರ್ತಿ ಬಾಬ್ ಎಂಬ ಹುಡುಗನ ಬಾಯಲ್ಲಿದೆ. ದೊಡ್ಡವನಾದ ಮೇಲೆ ನೆನಪಿಸಿಕೊಂಡು ಹೇಳುತ್ತಾನೆ. ಸಿನಿಮಾದಲ್ಲಿ ಅವನು ಜೋಯಿ, ಓಡಾಡುತ್ತಾ ಕೂಗುವ ಮಗು. ಕತೆ ಹೇಳುವ ಹುಡುಗನಿಗೆ ಅರ್ಥವಾಗದ ಆದರೆ ನಮಗೆ ಅರ್ಥವಾಗುವ ಒಂದು ಸಂಗತಿ ಅಮ್ಮನ ಮಾತುಗಳ ನಡುವೆ ಹರಿಯುತ್ತಿರುತ್ತದೆ. ಕಾದಂಬರಿ ಚಿಕ್ಕದು, ಎರಡು ಸಂಜೆ ಸಾಕು.

ಚಾರ್ಲ್ಸ್ ಪೋರ್ಟಿಸ್‌ರ ‘ಟ್ರೂ ಗ್ರಿಟ್’ (1968) ಇನ್ನೂ ರುಚಿ. ಅಪ್ಪನನ್ನು ಕೊಂದವನನ್ನು ಹಿಡಿಸಲು ಹೊರಟ 14 ವರ್ಷದ ಮ್ಯಾಟಿ ರಾಸ್ ಮುದುಕಿಯಾದ ಮೇಲೆ ಹೇಳುವ ಕತೆ ಇದು. ಚರ್ಚು, ಲೆಕ್ಕಪತ್ರ, ಕಾನೂನು ಮೂರರಲ್ಲೂ ಅವಳಿಗೆ ಪೂರ್ಣ ವಿಶ್ವಾಸ. ಅಪ್ಪನ ಸಾವಿನ ನಡುವೆಯೂ ಕುದುರೆ ವ್ಯಾಪಾರಿಯ ಜೊತೆ ಚೌಕಾಸಿ ಮಾಡಿ ಅವನನ್ನು ಸುಸ್ತು ಮಾಡುವ ಅಧ್ಯಾಯ ಓದಿ, ಸಂತೆಯಲ್ಲಿ ಇವಳನ್ನು ಯಾರೂ ಮೋಸ ಮಾಡಲಾರರು. 1969ರ ಸಿನಿಮಾ ಜಾನ್ ವೇಯ್ನ್‌ಗೆ ಆಸ್ಕರ್ ತಂದಿತು, ಅದಕ್ಕೇ ಅದು ಅವನ ಕತೆಯಾಗಿಬಿಟ್ಟಿತು. 2010ರ ಕೋಯೆನ್ ಸೋದರರ ಸಿನಿಮಾ ಪುಸ್ತಕಕ್ಕೆ ಹತ್ತಿರ. ಪುಸ್ತಕದಲ್ಲಿ ಕತೆ ಪೂರ್ತಿ ಮ್ಯಾಟಿಯದು. ಅವಳ ಇಂಗ್ಲಿಷ್ ಪೂರ್ತಿ ನೆಟ್ಟಗೆ, ಆಡುಮಾತಿನ ಸಂಕ್ಷೇಪಗಳು ಕಡಿಮೆ. ನಮ್ಮಂಥ ಓದುಗರಿಗೆ ಅದು ಅನುಕೂಲವೇ.

ಆರು: ಗುಡ್ಡದ ಆ ಕಡೆಯಿಂದ

‘ದ ಸರ್ಚರ್ಸ್’ (1956) ಹುಡುಗಿಯನ್ನು ಮನೆಗೆ ಮುಟ್ಟಿಸಿ, ಬಾಗಿಲು ಮುಚ್ಚಿ ಮುಗಿಯುತ್ತದೆ. ಒಳಗೆ ಹೋದವಳಿಗೆ ಏನಾಯಿತು? ಇದರ ಹಿಂದೆ ನಿಜವಾಗಿ ನಡೆದದ್ದೊಂದಿದೆ. 1836ರಲ್ಲಿ ಟೆಕ್ಸಸ್‌ನ ಫೋರ್ಟ್ ಪಾರ್ಕರ್‌ನಿಂದ ಕಮಾಂಚಿ ಮೂಲನಿವಾಸಿಗಳು ಸಿಂಥಿಯಾ ಆ್ಯನ್ ಪಾರ್ಕರ್ ಎಂಬ ಬಾಲಕಿಯನ್ನು ಹೊತ್ತೊಯ್ದರು. ಅವಳು ಅವರಲ್ಲೇ ಬೆಳೆದು, ಮದುವೆಯಾಗಿ, ಮಕ್ಕಳನ್ನು ಹೆತ್ತಳು. ಮಗ ಕ್ವಾನಾ ಪಾರ್ಕರ್ ಮುಂದೆ ಹೆಸರಾಂತ ಕಮಾಂಚಿ ನಾಯಕನಾದ. 24 ವರ್ಷದ ಮೇಲೆ, 1860ರಲ್ಲಿ, ಬಿಳಿಯರು ಅವಳನ್ನು ‘ಬಿಡಿಸಿಕೊಂಡು’ ಬಂದರು. ಅವಳು ಮರಳಿ ಹೋಗಲು ಹವಣಿಸುತ್ತಲೇ ಇದ್ದಳು. ಅಲನ್ ಲ ಮೇ ಬರೆದ ಕಾದಂಬರಿ (1954) ಹುಡುಕುವವರ ಜೊತೆ ಹೋಗುತ್ತದೆ. ಡೊರೊಥಿ ಜಾನ್ಸನ್‌ರ ‘ಲಾಸ್ಟ್ ಸಿಸ್ಟರ್’ ಎಂಬ ಸಣ್ಣ ಕತೆ ಮುಚ್ಚಿದ ಬಾಗಿಲಿನ ಒಳಗೆ ಹೋಗುತ್ತದೆ. ನಲವತ್ತು ವರ್ಷದ ಮೇಲೆ ತಂದು ಮನೆಯಲ್ಲಿ ಕೂರಿಸಿದ ಅಕ್ಕ, ಪ್ರೀತಿಯಿಂದಲೇ ಬೀಗ ಹಾಕುವ ತಂಗಿಯರು, ನೋಡುತ್ತಿರುವ ಒಂಬತ್ತು ವರ್ಷದ ಹುಡುಗ. ಸಿನಿಮಾ ನೋಡಿದ ಮರುದಿನವೇ ಓದಿ. ಈ ಲೇಖನದಿಂದ ಒಂದೇ ಜೋಡಿ ಆರಿಸಿಕೊಳ್ಳುವುದಾದರೆ ಇದನ್ನೇ ಆರಿಸಿಕೊಳ್ಳಿ.

ಇಷ್ಟಾದರೂ ಇದು ಬಿಳಿಯರ ಕೈಬರಹವೇ. ಮೂಲನಿವಾಸಿಗಳು ತಾವೇ ಬರೆದದ್ದಕ್ಕೆ ಝಿಟ್ಕಲಾ-ಶಾ ಅವರಿಂದ ಶುರು ಮಾಡಿ. ಯಾಂಕ್ಟನ್ ಡಕೋಟ ಜನಾಂಗದವರು, 1876ರಲ್ಲಿ ಹುಟ್ಟಿದವರು. ಕೆಂಪು ಸೇಬು ಸಿಗುವ ನಾಡು ಎಂಬ ಆಸೆ ತೋರಿಸಿ ಎಂಟು ವರ್ಷದ ಮಗುವನ್ನು ಇಂಡಿಯಾನಾದ ವಸತಿಶಾಲೆಗೆ ಕರೆದೊಯ್ದರು. ಅಲ್ಲಿ ಮಂಚದಡಿ ಅಡಗಿದವಳನ್ನು ಎಳೆದು ಕುರ್ಚಿಗೆ ಕಟ್ಟಿ ಜಡೆ ಕತ್ತರಿಸಿದ್ದನ್ನು ಅವರು ಬರೆದಿದ್ದಾರೆ. ಅವರ ಜನರಲ್ಲಿ ತಲೆಗೂದಲು ಕತ್ತರಿಸುವುದು ಸೂತಕದವರಿಗೆ, ಇಲ್ಲವೇ ಹೇಡಿಗಳಿಗೆ. 1900ರಲ್ಲಿ ಅಟ್ಲಾಂಟಿಕ್ ಪತ್ರಿಕೆಯಲ್ಲಿ ಬಂದ ಈ ಬರಹಗಳು 1921ರ ‘ಅಮೆರಿಕನ್ ಇಂಡಿಯನ್ ಸ್ಟೋರೀಸ್’ ಪುಸ್ತಕದಲ್ಲಿವೆ. ಇನ್ನೂ ಆಳಕ್ಕೆ ಹೋಗುವವರಿಗೆ ಜೇಮ್ಸ್ ವೆಲ್ಚ್‌ರ ‘ಫೂಲ್ಸ್ ಕ್ರೋ’ (1986). 1870ರ ಜನವರಿಯಲ್ಲಿ ಮೊಂಟಾನಾದ ಮರಾಯಸ್ ನದಿಯ ದಂಡೆಯಲ್ಲಿ ಸೈನ್ಯ ಬ್ಲ್ಯಾಕ್‌ಫೀಟ್ ಶಿಬಿರದ ಮೇಲೆ ನಡೆಸಿದ ಹತ್ಯಾಕಾಂಡದ ಕಡೆಗೆ ಸಾಗುವ ಕಾದಂಬರಿ. ವಸ್ತುಗಳಿಗೆ, ಪ್ರಾಣಿಗಳಿಗೆ, ಸೈನಿಕರಿಗೆ ಆ ಜನ ಕರೆಯುತ್ತಿದ್ದ ಹೆಸರನ್ನೇ ಇಂಗ್ಲಿಷಿಗೆ ಇಳಿಸಿ ಬರೆದಿದ್ದಾರೆ. ಮೊದಲ ನಲವತ್ತು ಪುಟ ತಡವರಿಸುತ್ತೀರಿ. ಅರ್ಥ ಹುಡುಕಲು ಹೋಗದೆ ಮುಂದೆ ನಡೆಯಿರಿ, ತಾನಾಗಿ ಬಿಡಿಸಿಕೊಳ್ಳುತ್ತದೆ.

‘ಸ್ಟೇಜ್‌ಕೋಚ್’ನಲ್ಲಿ ಅಪಾಚಿಗಳಾಗಿ ಕುದುರೆ ಓಡಿಸಿದವರು ನವಾಹೋ ಜನ ಎಂಬುದೂ ತಿಳಿದಿರಲಿ. ಆ ಸಿನಿಮಾದಲ್ಲಿ ಕಾಣುವ ಮಾನ್ಯುಮೆಂಟ್ ವ್ಯಾಲಿ ಅವರದೇ ನೆಲ. ಕಪ್ಪು ಕೌಬಾಯ್‌ಗಳು ಸಿನಿಮಾದಲ್ಲಿ ಕಾಣುವುದೇ ಅಪರೂಪ. ಗುಲಾಮಗಿರಿಯಲ್ಲಿ ಹುಟ್ಟಿ, ದನದ ಮಂದೆ ಓಡಿಸಿ, ಕೊನೆಗೆ ರೈಲಿನಲ್ಲಿ ಪೋರ್ಟರ್ ಆದ ನ್ಯಾಟ್ ಲವ್ 1907ರಲ್ಲಿ ಆತ್ಮಕತೆ ಬರೆದ. ಬಡಾಯಿ ಧಾರಾಳ, ಆದರೆ ಆ ಬಡಾಯಿ ಓದಲು ಬಲು ಖುಷಿ.

ಏಳು: ನಿಮ್ಮ ವೆಸ್ಟರ್ನ್ ಇಟಲಿಯದಾದರೆ

ನಮ್ಮಲ್ಲಿ ಬಹಳ ಜನರಿಗೆ ವೆಸ್ಟರ್ನ್ ಎಂದರೆ ಸರ್ಜಿಯೋ ಲಿಯೋನೆ, ಕ್ಲಿಂಟ್ ಈಸ್ಟ್‌ವುಡ್, ಚುರುಟು, ಶಿಳ್ಳೆ. ಆ ದಾರಿಯಲ್ಲಿ ರಾಮನಗರದ ಬಂಡೆಗಳೂ ಸಿಗುತ್ತವೆ, 1975ರ ‘ಶೋಲೆ’ ಅಲ್ಲಿ ತಯಾರಾಯಿತು. ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ (1964) ಕುರೊಸಾವಾರ ‘ಯೊಜಿಂಬೊ’ದಿಂದ (1961) ಎತ್ತಿದ್ದು. ಇದರ ಮೇಲೆ ಜಪಾನಿನವರು ದಾವೆ ಹೂಡಿ ಪರಿಹಾರ ಪಡೆದರು. ಇಂಥ ಕತೆಗೆ ಹತ್ತಿರದ ಓದು ಬೇಕೆಂದರೆ ಡ್ಯಾಶಿಯಲ್ ಹ್ಯಾಮೆಟ್‌ರ ‘ರೆಡ್ ಹಾರ್ವೆಸ್ಟ್’ (1929). ಕುದುರೆ ಹೋಗಿ ಕಾರು ಬಂದಿದೆ, ಗಣಿಯೂರು, ಹೆಸರಿಲ್ಲದ ಪತ್ತೇದಾರ ಒಳಹೊಕ್ಕು ಗುಂಪುಗಳನ್ನು ಒಂದರ ಮೇಲೊಂದು ಎತ್ತಿಕಟ್ಟುತ್ತಾನೆ.

ಪುಸ್ತಕ ಎಲ್ಲಿ ಸಿಗುತ್ತದೆ?

ಕ್ರೇನ್, ಓ. ಹೆನ್ರಿ, ಝಿಟ್ಕಲಾ-ಶಾ, ನ್ಯಾಟ್ ಲವ್, ಮೊಪಾಸಾನ ಹಳೆಯ ಇಂಗ್ಲಿಷ್ ಅನುವಾದ ಇವೆಲ್ಲ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತವೆ, ಫೋನಿಗೇ ಇಳಿಸಿಕೊಳ್ಳಬಹುದು. ಕಣ್ಣಿಗೆ ತ್ರಾಸವಾದರೆ ಲಿಬ್ರಿವಾಕ್ಸ್‌ನಲ್ಲಿ ಸ್ವಯಂಸೇವಕರು ಓದಿದ ಧ್ವನಿಮುದ್ರಣ ಇರುತ್ತದೆ. ಓದುವವರಲ್ಲಿ ಕೆಲವರು ನಿದ್ದೆ ಬರಿಸುತ್ತಾರೆ, ಒಬ್ಬರು ಹಿಡಿಸದಿದ್ದರೆ ಇನ್ನೊಬ್ಬರನ್ನು ನೋಡಿ. ಜಾನ್ಸನ್, ಲೆನರ್ಡ್, ಪೋರ್ಟಿಸ್, ವೆಲ್ಚ್ ಕೊಳ್ಳಬೇಕಾದವರು. ಜಾನ್ಸನ್‌ಗೆ ‘ಇಂಡಿಯನ್ ಕಂಟ್ರಿ’, ‘ದ ಹ್ಯಾಂಗಿಂಗ್ ಟ್ರೀ’ ಎಂಬ ಎರಡು ಸಂಕಲನ ಹುಡುಕಿ. ಲಿಬರ್ಟಿ ವ್ಯಾಲೆನ್ಸ್ ಕತೆ ಮೊದಲನೆಯದರಲ್ಲಿದೆ, ‘ಲಾಸ್ಟ್ ಸಿಸ್ಟರ್’ ಎರಡನೆಯದರಲ್ಲಿ.

ಹಳೆ ಪುಸ್ತಕದ ಅಂಗಡಿಗಳಲ್ಲಿ ಲೂಯಿ ಲಾಮೂರ್, ಝೇನ್ ಗ್ರೇ ರಾಶಿ ಬಿದ್ದಿರುತ್ತವೆ. ಬಾಡಿಗೆ ಲೈಬ್ರರಿಗಳ ಕಾಲದಲ್ಲಿ ಬೆಳೆದವರಿಗೆ ಆಲಿವರ್ ಸ್ಟ್ರೇಂಜ್‌ರ ‘ಸಡನ್’ ಸರಣಿಯೂ ನೆನಪಿರಬಹುದು. ರೈಲು ಪ್ರಯಾಣಕ್ಕೆ ಅಡ್ಡಿಯಿಲ್ಲ. ಆದರೆ ಒಳ್ಳೆಯ ಸಿನಿಮಾ ನೋಡಿದ ಮರುದಿನ ಇವನ್ನು ಹಿಡಿಯಬೇಡಿ, ಸಿನಿಮಾ ಬಿಟ್ಟ ಜಾಗಕ್ಕೆ ಹೋಗುವ ಬದಲು ನೋಡಿದ್ದನ್ನೇ ತಿರುಗಿ ತೋರಿಸುತ್ತವೆ.

ಎಲ್ಲ ಮುಗಿಸಿದವರಿಗೆ ಒಂದು ದೊಡ್ಡದು ಉಳಿದಿದೆ: ಲ್ಯಾರಿ ಮ್ಯಾಕ್‌ಮರ್ಟ್ರಿಯ ‘ಲೋನ್ಸಮ್ ಡವ್’ (1985), ಎಂಟುನೂರಕ್ಕೂ ಹೆಚ್ಚು ಪುಟ. ಇದರ ಹುಟ್ಟು ಉಲ್ಟಾ. ಜಾನ್ ವೇಯ್ನ್, ಜೇಮ್ಸ್ ಸ್ಟೀವರ್ಟ್, ಹೆನ್ರಿ ಫೋಂಡಾ ಮೂವರಿಗಾಗಿ ಮೊದಲು ಚಿತ್ರಕತೆಯಾಗಿ ಬರೆದರು. ವೇಯ್ನ್ ಒಲ್ಲೆ ಎಂದರು, ಸಿನಿಮಾ ಆಗಲಿಲ್ಲ, ವರ್ಷಗಳ ಮೇಲೆ ಅದೇ ಕಾದಂಬರಿಯಾಗಿ 1986ರ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ದನದ ಮಂದೆ ಟೆಕ್ಸಸ್ ಬಿಟ್ಟು ಮೊಂಟಾನಾದ ಕಡೆ ಹೊರಡುವುದಕ್ಕೇ ಇನ್ನೂರು ಪುಟ ಹಿಡಿಯುತ್ತದೆ. ಅಲ್ಲಿಯವರೆಗೆ ಹಂದಿ, ಹರಟೆ, ಬಿಸಿಲು, ಇಸ್ಪೀಟು. ಆ ಭಾಗ ಹಾರಿಸಬೇಡಿ, ಯಾರು ಯಾರಿಗೆ ಏನು ಎಂದು ಗೊತ್ತಾಗುವುದು ಅಲ್ಲೇ. ಅಮೆರಿಕದ ನಕಾಶೆಯೊಂದನ್ನು ತೆರೆದಿಟ್ಟುಕೊಂಡು ನದಿ ದಾಟಿದಂತೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋಗಿ. ಪಾತ್ರಗಳ ಹೆಸರು ಮರೆತರೂ ಎಲ್ಲಿದ್ದೀರಿ ಎಂಬುದು ಮರೆಯುವುದಿಲ್ಲ.